ಪರದೆಯ ಮೇಲಿನ ಕಿಟಕಿಗಳಿಗೊಂದು ಕ್ರಮ



ಪೀಣ್ಯ ಕೈಗಾರಿಕಾ ಪ್ರದೇಶದ ಯಾವುದಾದರೂ ಅಚ್ಚುಕಟ್ಟಾದ ವರ್ಕ್‌ಶಾಪಿಗೆ ನೀವು ಹೋಗಿದ್ದರೆ, ಗೋಡೆಯ ಮೇಲೆ ಒಂದು ಹಲಗೆಯನ್ನು ಕಂಡಿರುತ್ತೀರಿ. ಸ್ಪ್ಯಾನರ್, ಸುತ್ತಿಗೆ, ಅರ, ಅಲೆನ್ ಕೀ, ಹೀಗೆ ಒಂದೊಂದು ಉಪಕರಣದ ಆಕಾರವನ್ನೂ ಅದರ ಮೇಲೆ ಬಣ್ಣದಲ್ಲಿ ಬರೆದಿರುತ್ತಾರೆ. ಕೆಲಸ ಮುಗಿದೊಡನೆ ಸ್ಪ್ಯಾನರನ್ನು ಸ್ಪ್ಯಾನರಿನ ನೆರಳಿನ ಮೇಲೆಯೇ ತೂಗುಹಾಕಬೇಕು. ಅದನ್ನು ಶ್ಯಾಡೋ ಬೋರ್ಡ್ ಎನ್ನುತ್ತಾರೆ. ನಾವು ನೆರಳುಹಲಗೆ ಎನ್ನೋಣ. ಈ ಹಲಗೆ ಇದ್ದಲ್ಲಿ ಹುಡುಕುವ ಕೆಲಸವಿಲ್ಲ. ಕೈ ತಾನಾಗಿ ಉಪಕರಣದ ಬಳಿಗೆ ಹೋಗುತ್ತದೆ. ಒಂದು ನೆರಳು ಖಾಲಿ ಉಳಿದಿದ್ದರೆ, ಆ ಉಪಕರಣ ಇನ್ನೂ ಯಂತ್ರದ ಬಳಿಯೇ ಇದೆ ಎಂಬುದು ದೂರದಿಂದಲೇ ತಿಳಿಯುತ್ತದೆ.

ಈಗ ಅದೇ ವರ್ಕ್‌ಶಾಪಿನ ತಪಾಸಣಾ ಕೊಠಡಿಗೆ ಹೋಗಿ, ಅಲ್ಲಿರುವ ಕಂಪ್ಯೂಟರಿನ ಪರದೆಯನ್ನು ನೋಡಿ. ಬಿಡಿಭಾಗದ ಡ್ರಾಯಿಂಗ್ ಒಂದು ಕಿಟಕಿಯಲ್ಲಿದೆ. ಅಳತೆಗಳನ್ನು ತುಂಬುವ ಕೋಷ್ಟಕ ಇನ್ನೊಂದರಲ್ಲಿದೆ. ಹಿಂದಿನ ಬ್ಯಾಚಿನ ದಾಖಲೆ ಮತ್ತೊಂದು ಕಿಟಕಿಯಲ್ಲಿ, ಗಿರಾಕಿಯ ಪತ್ರ ಮಗದೊಂದರಲ್ಲಿ. ಒಂದರ ಮೇಲೊಂದು ಬಿದ್ದು, ಯಾವುದು ಯಾವುದರ ಕೆಳಗಿದೆ ಎಂಬುದೇ ತಿಳಿಯದು. ಗೋಡೆಯ ಮೇಲಿನ ಸ್ಪ್ಯಾನರಿಗೆ ಇರುವ ಶಿಸ್ತು ಪರದೆಯ ಮೇಲಿನ ಕಿಟಕಿಗೆ ಏಕಿಲ್ಲ?

ಇಂದಿನ ಮಾತು ಈ ಪ್ರಶ್ನೆಯ ಸುತ್ತಲಿನದು. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಕೆಲವೇ ಸಾಲುಗಳ ಆಜ್ಞೆಯನ್ನು ಬರೆದಿಟ್ಟು, ಕಿಟಕಿಗಳು ತಾವಾಗಿಯೇ ತಮ್ಮ ತಮ್ಮ ಜಾಗಕ್ಕೆ ಹೋಗಿ ನಿಲ್ಲುವಂತೆ ಮಾಡುವುದು ಹೇಗೆ, ಹಾಗೆ ಮಾಡುವಾಗ ಯಾವ ಎಚ್ಚರ ಬೇಕು ಎಂಬುದನ್ನು ನೋಡೋಣ. ಇದು ಎಲೆಕ್ಟ್ರಾನಿಕ್ ಸಿಟಿಯ ಎಂಜಿನಿಯರುಗಳಿಗೆ ಮಾತ್ರ ಸಂಬಂಧಿಸಿದ್ದೆಂದು ದಯವಿಟ್ಟು ಪುಟ ತಿರುಗಿಸಬೇಡಿ. ಕಂಪ್ಯೂಟರಿನ ಮುಂದೆ ದಿನವೆಲ್ಲ ಕುಳಿತು ಒಂದೇ ಬಗೆಯ ಕೆಲಸ ಮಾಡುವ ಯಾರಿಗೇ ಆದರೂ ಇದು ಸಲ್ಲುತ್ತದೆ.

ಮೊದಲು ನಷ್ಟದ ಲೆಕ್ಕ ಹಾಕೋಣ. ಪೀಣ್ಯದ ಸಣ್ಣ ಘಟಕಗಳಲ್ಲಿ ಕಂಪ್ಯೂಟರು ದಿನಕ್ಕೆ ಒಂದೇ ಸಲ ಆರಂಭವಾಗುವುದಿಲ್ಲ. ಶಿಫ್ಟ್ ಬದಲಾದಾಗ ಒಮ್ಮೆ, ಕರೆಂಟು ಹೋಗಿ ಯುಪಿಎಸ್ ಕೈಕೊಟ್ಟಾಗ ಮತ್ತೊಮ್ಮೆ. ದಿನಕ್ಕೆ ನಾಲ್ಕು ಸಲ ಎಂದಿಟ್ಟುಕೊಳ್ಳಿ. ಪ್ರತಿ ಸಲವೂ ಕಿಟಕಿಗಳನ್ನು ತೆರೆದು, ಮೌಸಿನಿಂದ ಎಳೆದು, ಅಂಚು ಹಿಡಿದು ಅಗಲ ಮಾಡಿ ಜೋಡಿಸಲು ಮೂರು ನಿಮಿಷ ಹಿಡಿಯಲಿ. ವರ್ಷಕ್ಕೆ 300 ಕೆಲಸದ ದಿನಗಳಾದರೆ 3600 ನಿಮಿಷ, ಅಂದರೆ 60 ಗಂಟೆ. ಎಂಟು ಗಂಟೆಯ ಶಿಫ್ಟಿನ ಲೆಕ್ಕದಲ್ಲಿ ಏಳೂವರೆ ದಿನ. ಒಬ್ಬ ಮನುಷ್ಯನ ಒಂದು ವಾರಕ್ಕೂ ಮಿಕ್ಕಿದ ದುಡಿಮೆ ಕಿಟಕಿ ಎಳೆಯುವುದರಲ್ಲೇ ಕಳೆದಂತಾಯಿತು. ಆದರೆ ಸಮಯದ ನಷ್ಟ ಚಿಕ್ಕದು. ಒಂದು ಕಿಟಕಿಯಲ್ಲಿ ಬರೆಯಬೇಕಾದ ಅಂಕಿಯನ್ನು ಇನ್ನೊಂದರಲ್ಲಿ ಬರೆದುಬಿಟ್ಟರೆ ಆಗುವ ನಷ್ಟ ದೊಡ್ಡದು. ಆ ಮಾತಿಗೆ ಆಮೇಲೆ ಬರುತ್ತೇನೆ.

ಲಿನಕ್ಸಿನಲ್ಲಿ ಈ ಕೆಲಸ ಏಕೆ ಸುಲಭವಾಯಿತು ಎಂಬುದಕ್ಕೆ ಒಂದಿಷ್ಟು ಚರಿತ್ರೆ ತಿಳಿದಿರಬೇಕು. ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ 1984ರಲ್ಲಿ ಎಕ್ಸ್ ಎಂಬ ಕಿಟಕಿ ವ್ಯವಸ್ಥೆ ಹುಟ್ಟಿತು. ಅದರ ಹನ್ನೊಂದನೆಯ ರೂಪ, ಎಕ್ಸ್ 11, 1987ರಲ್ಲಿ ಬಂತು. ಲಿನಸ್ ಟೋರ್ವಾಲ್ಡ್ಸ್ ಲಿನಕ್ಸಿನ ತಿರುಳನ್ನು ಹೊರತಂದದ್ದು 1991ರಲ್ಲಿ. ಚಿತ್ರಗಳನ್ನು ಪರದೆಗೆ ತರುವ ಕೆಲಸಕ್ಕೆ ಲಿನಕ್ಸ್ ಈ ಎಕ್ಸನ್ನೇ ಹಿಡಿದುಕೊಂಡಿತು. ನಮ್ಮೂರಿನಲ್ಲೂ ಲಿನಕ್ಸಿನ ಒಲವು ಬೇಗ ಬೆಳೆಯಿತು. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂಬ ಸಮ್ಮೇಳನ ಆರಂಭವಾಗಿ, 2005ರಿಂದ ಫಾಸ್ ಡಾಟ್ ಇನ್ ಎಂಬ ಹೆಸರಿನಲ್ಲಿ ಕೆಲವು ವರ್ಷ ನಡೆದದ್ದು ಹಲವರಿಗೆ ನೆನಪಿರಬಹುದು.

ಎಕ್ಸ್ ವ್ಯವಸ್ಥೆಯಲ್ಲಿ ಒಂದು ವಿಶೇಷವಿದೆ. ಪರದೆಯ ಮೇಲೆ ಚಿತ್ರ ಬರೆಯುವವನು ಒಬ್ಬ. ಯಾವ ಕಿಟಕಿ ಎಲ್ಲಿ ನಿಲ್ಲಬೇಕು, ಯಾವುದು ಮೇಲೆ, ಯಾವುದು ಕೆಳಗೆ ಎಂದು ತೀರ್ಮಾನಿಸುವವನು ಇನ್ನೊಬ್ಬ. ಈ ಎರಡನೆಯವನಿಗೆ ವಿಂಡೋ ಮ್ಯಾನೇಜರ್ ಎಂದು ಹೆಸರು. ನಮ್ಮ ವರ್ಕ್‌ಶಾಪಿನ ಭಾಷೆಯಲ್ಲಿ ಹೇಳುವುದಾದರೆ ಇವನು ಮೇಸ್ತ್ರಿ. ಹೊಸ ಕಿಟಕಿಯೊಂದು ಹುಟ್ಟಿದಾಗ ಅದು ಮೇಸ್ತ್ರಿಯ ಮುಂದೆ ಬಂದು ನಿಲ್ಲುತ್ತದೆ. ತನಗೆ ಇಂಥ ಜಾಗ ಬೇಕೆಂದು ಅದು ಕೇಳಿಕೊಳ್ಳಬಹುದು, ಆದರೆ ಕೊನೆಯ ಮಾತು ಮೇಸ್ತ್ರಿಯದು. ಮೇಸ್ತ್ರಿಯನ್ನು ಬದಲಾಯಿಸಲೂಬಹುದು. ಕೆಡಿಇಗೆ ಕೆವಿನ್ ಎಂಬ ಮೇಸ್ತ್ರಿ ಇದ್ದಾನೆ. ಹಳೆಯ ಕಂಪ್ಯೂಟರುಗಳಲ್ಲೂ ಹಗುರವಾಗಿ ಓಡುವ ಎಕ್ಸ್‌ಎಫ್‌ಸಿಇಗೆ ಬೇರೆಯವನು.

ಮೇಸ್ತ್ರಿಗಳು ಹಲವರಾದಾಗ ಒಂದು ತೊಡಕು ಉಂಟಾಯಿತು. ಒಬ್ಬೊಬ್ಬನೊಡನೆ ಒಂದೊಂದು ಭಾಷೆಯಲ್ಲಿ ಮಾತಾಡುವುದು ಹೇಗೆ? ಅದಕ್ಕಾಗಿ ಒಂದು ಸಾಮಾನ್ಯ ಒಪ್ಪಂದವನ್ನು ರೂಪಿಸಿದರು. ಇಡಬ್ಲ್ಯುಎಂಎಚ್ ಎಂಬ ನಾಲ್ಕಕ್ಷರದ ಹೆಸರು ಅದಕ್ಕೆ. ಅದನ್ನು ಒಪ್ಪಿದ ಪ್ರತಿಯೊಬ್ಬ ಮೇಸ್ತ್ರಿಯೂ ತನ್ನ ಬಳಿ ಇರುವ ಎಲ್ಲ ಕಿಟಕಿಗಳ ಪಟ್ಟಿಯನ್ನು ಎಲ್ಲರಿಗೂ ಕಾಣುವ ಕಡೆ ತೂಗುಹಾಕಿರಬೇಕು. ಇಂಥ ಕಿಟಕಿಯನ್ನು ಇಲ್ಲಿಗೆ ಸರಿಸು ಎಂದು ಹೊರಗಿನವರು ಕೇಳಿಕೊಂಡರೆ ಆ ಕೋರಿಕೆಯನ್ನು ಆಲಿಸಬೇಕು. ನಮ್ಮ ಇಡೀ ಕೆಲಸ ನಿಂತಿರುವುದು ಈ ಒಪ್ಪಂದದ ಮೇಲೆ.

ಕೋರಿಕೆ ಸಲ್ಲಿಸುವ ಸಾಧನ ಯಾವುದು? ಡಬ್ಲ್ಯು, ಎಂ, ಸಿ, ಟಿ, ಆರ್, ಎಲ್ ಎಂಬ ಆರು ಅಕ್ಷರಗಳ ಒಂದು ಪುಟ್ಟ ತಂತ್ರಾಂಶವಿದೆ. ವಿಂಡೋ ಮ್ಯಾನೇಜರ್ ಕಂಟ್ರೋಲ್ ಎಂಬುದರ ಹ್ರಸ್ವರೂಪ ಅದು. ಟರ್ಮಿನಲ್ಲಿನಲ್ಲಿ ಅದನ್ನು ಕರೆದು ಪಟ್ಟಿ ಕೊಡು ಎಂದರೆ, ತೆರೆದಿರುವ ಒಂದೊಂದು ಕಿಟಕಿಗೂ ಒಂದೊಂದು ಸಾಲಿನಂತೆ ಉತ್ತರ ಬರುತ್ತದೆ. ಪ್ರತಿ ಸಾಲಿನಲ್ಲಿ ಆ ಕಿಟಕಿಯ ಗುರುತಿನ ಸಂಖ್ಯೆ, ಅದು ಯಾವ ಕಾರ್ಯಪರದೆಯ ಮೇಲಿದೆ ಎಂಬುದು, ಮತ್ತು ಶೀರ್ಷಿಕೆ ಇರುತ್ತವೆ. ಬೇಕೆಂದು ಕೇಳಿದರೆ ಅದು ನಿಂತಿರುವ ಜಾಗ, ಉದ್ದಗಲ, ಯಾವ ತಂತ್ರಾಂಶಕ್ಕೆ ಸೇರಿದ್ದು ಎಂಬುದನ್ನೂ ಹೇಳುತ್ತದೆ. ಆರಂಭಿಸುವವರು ಮೊದಲ ದಿನ ಇಷ್ಟೇ ಮಾಡಿದರೂ ಸಾಕು. ನಿಮ್ಮ ಪರದೆಯ ಮೇಲೆ ಎಷ್ಟು ಕಿಟಕಿಗಳಿವೆ ಎಂದು ತಿಳಿದು ನಿಮಗೇ ಆಶ್ಚರ್ಯವಾದೀತು.

ಜಾಗ ಗೊತ್ತುಮಾಡುವುದು ಶಾಲೆಯ ಗ್ರಾಫ್ ಹಾಳೆಯ ಲೆಕ್ಕದಂತೆ. ಪರದೆಯ ಎಡ ಮೇಲ್ಮೂಲೆಯೇ ಸೊನ್ನೆ. ಬಲಕ್ಕೆ ಹೋದಂತೆ ಒಂದು ಸಂಖ್ಯೆ ಬೆಳೆಯುತ್ತದೆ, ಕೆಳಕ್ಕೆ ಬಂದಂತೆ ಇನ್ನೊಂದು. ನಿಮ್ಮ ಪರದೆ 1920 ಚುಕ್ಕೆ ಅಗಲ, 1080 ಚುಕ್ಕೆ ಎತ್ತರದ್ದಾಗಿದ್ದು, ಮೇಲಿನ ಪಟ್ಟಿಗೆ 30 ಚುಕ್ಕೆ ಹೋಗುತ್ತದೆ ಎನ್ನಿ. ಡ್ರಾಯಿಂಗಿಗೆ ಎಡಗಡೆ 1100 ಚುಕ್ಕೆ ಅಗಲ, 1050 ಎತ್ತರ ಕೊಡಿ. ಬಲಕ್ಕೆ 820 ಉಳಿಯಿತು. ಅದರಲ್ಲಿ ಅಳತೆಯ ಕೋಷ್ಟಕಕ್ಕೆ ಮೇಲಿನ 600, ಹಳೆಯ ದಾಖಲೆಗೆ ಕೆಳಗಿನ 450. ಕೂಡಿಸಿ ನೋಡಿ, ಲೆಕ್ಕ ಸರಿಹೋಗುತ್ತದೆ. ಈ ಆರಕ್ಷರದ ಸಾಧನಕ್ಕೆ ಒಂದು ಕಿಟಕಿಯ ಬಗ್ಗೆ ಐದು ಸಂಖ್ಯೆಗಳನ್ನು ಕೊಡಬೇಕು. ಮೊದಲನೆಯದನ್ನು ಸಾಮಾನ್ಯವಾಗಿ ಸೊನ್ನೆಯಾಗಿ ಬಿಡಬಹುದು. ಆಮೇಲಿನವು ಎಡದಿಂದ ದೂರ, ಮೇಲಿನಿಂದ ದೂರ, ಅಗಲ, ಎತ್ತರ. ಯಾವುದಾದರೊಂದನ್ನು ಇದ್ದಂತೆಯೇ ಬಿಡಬೇಕೆಂದಿದ್ದರೆ ಅಲ್ಲಿ ಋಣ ಒಂದು ಎಂದು ಬರೆದರಾಯಿತು. ಕಿಟಕಿಯ ಚೌಕಟ್ಟಿಗೂ ಕೆಲವು ಚುಕ್ಕೆಗಳು ಬೇಕಾದ್ದರಿಂದ, ಮೊದಲ ಸಲ ಸ್ವಲ್ಪ ಹೆಚ್ಚುಕಡಿಮೆ ಬಂದರೆ ಗಾಬರಿಯಾಗದೆ ತಿದ್ದಿಕೊಳ್ಳಿ.

ಇಂಥ ಆಜ್ಞೆಗಳನ್ನು ಒಂದರ ಕೆಳಗೊಂದು ಒಂದು ಕಡತದಲ್ಲಿ ಬರೆದಿಟ್ಟರೆ ಅದೇ ಸ್ಕ್ರಿಪ್ಟ್. ಮದುವೆಮನೆಯಲ್ಲಿ ಅಡುಗೆಯವರಿಗೆ ಕೊಡುವ ಚೀಟಿಯಂತೆ ಅದು. ಮೊದಲು ಡ್ರಾಯಿಂಗ್ ತೆರೆ, ಆಮೇಲೆ ಕೋಷ್ಟಕ ತೆರೆ, ಡ್ರಾಯಿಂಗನ್ನು ಎಡಕ್ಕಿಡು, ಕೋಷ್ಟಕವನ್ನು ಬಲಕ್ಕಿಡು. ಆ ಕಡತವನ್ನು ಲಾಗಿನ್ ಆದೊಡನೆ ತಾನಾಗಿ ಓಡುವ ಪಟ್ಟಿಗೆ ಸೇರಿಸಿಬಿಟ್ಟರೆ, ಕರೆಂಟು ಬಂದು ಕಂಪ್ಯೂಟರು ಎದ್ದು ನಿಲ್ಲುವಷ್ಟರಲ್ಲಿ ಪರದೆ ಸಜ್ಜಾಗಿರುತ್ತದೆ.

ಕೇಳಲು ಇಷ್ಟು ಸರಳ. ಮಾಡಲು ಹೊರಟಾಗ ಮೂರು ಅಡ್ಡಿಗಳು ಎದುರಾಗುತ್ತವೆ.

ಮೊದಲನೆಯದು ಕಾಲದ ಅಡ್ಡಿ. ಕೋಷ್ಟಕದ ತಂತ್ರಾಂಶವನ್ನು ತೆರೆ ಎಂದೊಡನೆ ಕಿಟಕಿ ಹುಟ್ಟುವುದಿಲ್ಲ. ಹಳೆಯ ಕಂಪ್ಯೂಟರಿನಲ್ಲಿ ಹತ್ತು ಹದಿನೈದು ಸೆಕೆಂಡು ಬೇಕಾದೀತು. ಸ್ಕ್ರಿಪ್ಟ್ ಅದಕ್ಕೆ ಕಾಯದೆ ಮುಂದಿನ ಸಾಲಿಗೆ ಹೋಗಿ, ಇನ್ನೂ ಇಲ್ಲದ ಕಿಟಕಿಯನ್ನು ಸರಿಸಲು ನೋಡಿ, ಸಿಗಲಿಲ್ಲವೆಂದು ಬಿಟ್ಟುಬಿಡುತ್ತದೆ. ಇಪ್ಪತ್ತು ಸೆಕೆಂಡು ಸುಮ್ಮನಿರು ಎಂದು ಬರೆಯುವುದು ಒಂದು ಉಪಾಯ, ಆದರೆ ಅದು ಊಹೆ. ಅರ್ಧ ಸೆಕೆಂಡಿಗೊಮ್ಮೆ ಪಟ್ಟಿ ನೋಡು, ಕಿಟಕಿ ಕಂಡ ಮೇಲೆ ಮುಂದುವರಿ, ಒಂದು ನಿಮಿಷವಾದರೂ ಕಾಣದಿದ್ದರೆ ನನಗೆ ತಿಳಿಸು ಎಂದು ಬರೆಯುವುದು ಲೇಸು.

ಎರಡನೆಯದು ಹಿಗ್ಗಿದ ಕಿಟಕಿಯ ಅಡ್ಡಿ. ಹಿಂದಿನ ಸಲ ನೀವು ಒಂದು ಕಿಟಕಿಯನ್ನು ಪರದೆ ತುಂಬ ದೊಡ್ಡದು ಮಾಡಿ ಮುಚ್ಚಿದ್ದರೆ, ಅದು ಮುಂದಿನ ಸಲವೂ ಹಾಗೆಯೇ ತೆರೆದುಕೊಳ್ಳಬಹುದು. ಆಗ ಅದನ್ನು ಸರಿಸು ಎಂಬ ಕೋರಿಕೆಗೆ ಹಲವು ಮೇಸ್ತ್ರಿಗಳು ಕಿವಿಗೊಡುವುದಿಲ್ಲ. ಆದ್ದರಿಂದ ಹಿಗ್ಗಿದ ಸ್ಥಿತಿಯನ್ನು ಮೊದಲು ತೆಗೆ, ಆಮೇಲೆ ಸರಿಸು ಎಂದು ಎರಡು ಸಾಲು ಬರೆಯಬೇಕು. ಈ ಒಂದು ಸಾಲು ಬಿಟ್ಟುಹೋಗಿ ಅರ್ಧ ದಿನ ತಲೆ ಕೆರೆದುಕೊಂಡವರು ಬೇಕಾದಷ್ಟು ಮಂದಿ.

ಮೂರನೆಯದು ಹೆಸರಿನ ಅಡ್ಡಿ. ಕನ್ನಡದಲ್ಲಿ ಕೆಲಸ ಮಾಡುವ ನಾವು ವಿಶೇಷವಾಗಿ ಗಮನಿಸಬೇಕಾದದ್ದು ಇದು. ಕಿಟಕಿಯನ್ನು ಗುರುತಿನ ಸಂಖ್ಯೆಯಿಂದ ಹಿಡಿಯುವಂತಿಲ್ಲ. ಅದು ಆಸ್ಪತ್ರೆಯ ಟೋಕನ್ನಿನಂತೆ, ಪ್ರತಿ ಸಲ ಹೊಸದು. ಶೀರ್ಷಿಕೆಯಿಂದ ಹಿಡಿಯಬಹುದು. ಆದರೆ ಶೀರ್ಷಿಕೆ ಬದಲಾಗುತ್ತಿರುತ್ತದೆ. ಬ್ರೌಸರಿನಲ್ಲಿ ಪುಟ ಬದಲಾದರೆ ಶೀರ್ಷಿಕೆಯೂ ಬದಲು. ಡೆಸ್ಕ್‌ಟಾಪಿನ ಭಾಷೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದರೆ, ನಿನ್ನೆ ಇಂಗ್ಲಿಷಿನಲ್ಲಿದ್ದ ಶೀರ್ಷಿಕೆ ಇಂದು ಕನ್ನಡದಲ್ಲಿ ಬಂದು, ಸ್ಕ್ರಿಪ್ಟ್ ಕಣ್ಣುಕಟ್ಟಿದಂತಾಗುತ್ತದೆ. ಕಡತದ ಹೆಸರನ್ನು ಕನ್ನಡದಲ್ಲೇ ಇಟ್ಟಿದ್ದರೆ ಇನ್ನೊಂದು ಸೂಕ್ಷ್ಮವಿದೆ. ಬ್ಯಾಚ್ ಎಂಬ ಪದದ ಕೊನೆಯ ಅರ್ಧಾಕ್ಷರದ ಬಳಿಕ, ಯೂನಿಕೋಡ್‌ನಲ್ಲಿ, ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ಕೆಲವು ಕೀಲಿಮಣೆಗಳು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ನಮ್ಮ ಕಣ್ಣಿಗೆ ಎರಡೂ ಒಂದೇ. ಅಕ್ಷರಕ್ಕೆ ಅಕ್ಷರ ಹೋಲಿಸುವ ಸ್ಕ್ರಿಪ್ಟಿಗೆ ಎರಡೂ ಬೇರೆ ಬೇರೆ.

ಹಾಗಾದರೆ ಯಾವ ಹೆಸರನ್ನು ನಂಬಬೇಕು? ಪ್ರತಿ ಕಿಟಕಿಗೂ ಶೀರ್ಷಿಕೆಯಲ್ಲದೆ ಕ್ಲಾಸ್ ಎಂಬ ಇನ್ನೊಂದು ಹೆಸರಿರುತ್ತದೆ. ಶೀರ್ಷಿಕೆ ತೊಟ್ಟ ಅಂಗಿಯಂತೆ, ಕ್ಲಾಸ್ ಮನೆತನದ ಹೆಸರಿನಂತೆ. ಭಾಷೆ ಬದಲಾದರೂ ಪುಟ ಬದಲಾದರೂ ಅದು ಬದಲಾಗದು. ಆದ್ದರಿಂದ ಸಾಧ್ಯವಿದ್ದಲ್ಲೆಲ್ಲ ಕ್ಲಾಸಿನಿಂದಲೇ ಕಿಟಕಿಯನ್ನು ಗುರುತಿಸಿ. ಒಂದೇ ಮನೆತನದ ಇಬ್ಬರಿದ್ದರೆ, ಅಂದರೆ ಎರಡು ಕೋಷ್ಟಕಗಳು ಒಟ್ಟಿಗೆ ತೆರೆದಿದ್ದರೆ, ಆಗ ಕಡತದ ಹೆಸರಿನ ನೆರವೂ ಬೇಕು. ಅಲ್ಲಿಯೂ ಎಚ್ಚರ. ಈ ಸಾಧನ ಶೀರ್ಷಿಕೆಯ ಒಂದು ತುಂಡು ಹೊಂದಿದರೂ ಒಪ್ಪಿಕೊಳ್ಳುತ್ತದೆ. ಬ್ಯಾಚ್ 12 ಎಂದು ಹುಡುಕಿದರೆ ಬ್ಯಾಚ್ 120 ಸಹ ಸಿಕ್ಕಿಬಿಡುತ್ತದೆ. ಸಂಖ್ಯೆಗಳನ್ನು 012, 120 ಎಂದು ಒಂದೇ ಅಳತೆಯಲ್ಲಿ ಬರೆಯುವ ರೂಢಿ ಮಾಡಿಕೊಂಡರೆ ಈ ತಾಪತ್ರಯವಿಲ್ಲ.

ಇನ್ನೊಂದು ದಾರಿಯೂ ಇದೆ. ಇಲ್ಲಿಯವರೆಗೆ ಹೇಳಿದ್ದು ಒಮ್ಮೆ ಓಡಿ ಮುಗಿಯುವ ಚೀಟಿ. ಅದರ ಬದಲು ಸದಾ ಬಾಗಿಲಲ್ಲಿ ನಿಂತು, ಹೊಸ ಕಿಟಕಿ ಹುಟ್ಟಿದೊಡನೆ ನಿಯಮ ನೋಡಿ ಜಾಗ ತೋರಿಸುವ ಕಾವಲುಗಾರನನ್ನು ಇಟ್ಟುಕೊಳ್ಳಬಹುದು. ಡೆವಿಲ್ಸ್ ಪೈ ಎಂಬ ವಿಚಿತ್ರ ಹೆಸರಿನ ತಂತ್ರಾಂಶ ಇಂಥದು. ಅದರ ಎರಡನೆಯ ರೂಪದಲ್ಲಿ ನಿಯಮಗಳನ್ನು ಬರೆಯಲು ಲುವಾ ಎಂಬ ಭಾಷೆಯನ್ನು ಬಳಸುತ್ತಾರೆ. ಬ್ರೆಜಿಲ್ ದೇಶದ ರಿಯೋ ಡಿ ಜನೈರೋದ ವಿಶ್ವವಿದ್ಯಾಲಯವೊಂದರಲ್ಲಿ 1993ರಲ್ಲಿ ಹುಟ್ಟಿದ ಪುಟ್ಟ ಭಾಷೆ ಅದು. ಕಾವಲುಗಾರನಿದ್ದರೆ ಕಾಲದ ಅಡ್ಡಿ ತಾನಾಗಿ ತಪ್ಪುತ್ತದೆ, ಏಕೆಂದರೆ ಕಿಟಕಿ ಬಂದ ಮೇಲೆಯೇ ಅವನ ಕೆಲಸ.

ಈಗ, ಆಮೇಲೆ ಬರುತ್ತೇನೆಂದು ಹೇಳಿದ ಮಾತಿಗೆ ಬರುತ್ತೇನೆ. ಅದು ನನ್ನದೇ ತಪ್ಪಿನ ಕಥೆ.

ಪೀಣ್ಯದ ಒಂದು ಸಣ್ಣ ಘಟಕಕ್ಕೆ ಇಂಥ ಸ್ಕ್ರಿಪ್ಟೊಂದನ್ನು ನಾನು ಬರೆದುಕೊಟ್ಟೆ. ಘಟಕದ ಹೆಸರು ಬೇಡ. ಅಲ್ಲಿ ತಪಾಸಣೆಯ ಕೆಲಸ ಮಾಡುತ್ತಿದ್ದವರು ಐಟಿಐ ಓದಿದ ಒಬ್ಬ ಹೆಣ್ಣುಮಗಳು. ಲೇತಿನಿಂದ ಬಂದ ಶಾಫ್ಟುಗಳ ವ್ಯಾಸವನ್ನು ಮೈಕ್ರೋಮೀಟರಿನಲ್ಲಿ ಅಳೆದು, ಕೋಷ್ಟಕದಲ್ಲಿ ತುಂಬಿ, ವರದಿಗೆ ಸಹಿ ಹಾಕುವುದು ಅವರ ಜವಾಬ್ದಾರಿ. ಕಿಟಕಿಗಳು ಅವರ ಕೈಯಲ್ಲಿ ಅತ್ತಿತ್ತ ಸರಿದಾಡುತ್ತಿದ್ದದ್ದು ನನಗೆ ಅಸ್ತವ್ಯಸ್ತವಾಗಿ ಕಂಡಿತು. ಅದಕ್ಕೆಂದು ಐದು ನಿಮಿಷಕ್ಕೊಮ್ಮೆ ಎಲ್ಲವನ್ನೂ ತಂತಮ್ಮ ಜಾಗಕ್ಕೆ ತಂದು, ಆಯಾ ಕಿಟಕಿಯನ್ನು ಮುಂದಕ್ಕೆ ಕರೆಯುವ ಹಾಗೆ ಬರೆದಿದ್ದೆ. ನೋಡಲು ಬಲು ಚೆಂದ. ನಾನೇ ಮೆಚ್ಚಿಕೊಂಡು ಮನೆಗೆ ಹೋದೆ.

ಕಿಟಕಿಯನ್ನು ಸರಿಸುವುದು ಬೇರೆ, ಮುಂದಕ್ಕೆ ಕರೆಯುವುದು ಬೇರೆ. ಮುಂದಕ್ಕೆ ಕರೆದ ಕಿಟಕಿಗೆ ಕೀಲಿಮಣೆಯ ಹಿಡಿತವೂ ಹೋಗುತ್ತದೆ. ಆಮೇಲೆ ಒತ್ತಿದ ಅಕ್ಷರಗಳೆಲ್ಲ ಅದರಲ್ಲೇ ಬೀಳುತ್ತವೆ. ಅಂದು ಪರದೆಯ ಮೇಲೆ ಒಂದೇ ಶಾಫ್ಟಿನ ಎರಡು ಬ್ಯಾಚುಗಳ ಕೋಷ್ಟಕಗಳಿದ್ದವು. ಒಂದು ಬ್ಯಾಚು ಸರಿಯಾಗಿತ್ತು. ಇನ್ನೊಂದರಲ್ಲಿ ಕೆಲವು ಶಾಫ್ಟುಗಳು ದಪ್ಪವಾಗಿ ಬಂದಿದ್ದವು. ಅವರ ಕಣ್ಣು ಮೈಕ್ರೋಮೀಟರಿನ ಮೇಲೆ, ಕೈ ಕೀಲಿಮಣೆಯ ಮೇಲೆ. ನಡುವೆ ನನ್ನ ಸ್ಕ್ರಿಪ್ಟ್ ಎದ್ದು ಕುಳಿತು ಕಿಟಕಿ ಬದಲಾಯಿಸಿತು. ದಪ್ಪ ಶಾಫ್ಟುಗಳ ಅಳತೆಗಳು ಒಳ್ಳೆಯ ಬ್ಯಾಚಿನ ಕೋಷ್ಟಕಕ್ಕೆ ಬಿದ್ದವು. ಒಳ್ಳೆಯ ಮಾಲು ಕೆಂಪು ಚೀಟಿ ಹಚ್ಚಿಸಿಕೊಂಡು ಮೂಲೆ ಸೇರಿತು. ಕೆಟ್ಟದ್ದು ಡಿಸ್ಪ್ಯಾಚಿನ ಕಡೆ ಹೊರಟಿತ್ತು. ಸಂಜೆ ಜಾಬ್ ಕಾರ್ಡಿನೊಡನೆ ಲೆಕ್ಕ ತಾಳೆ ನೋಡುವಾಗ ತುಂಡುಗಳ ಎಣಿಕೆ ಹೊಂದಲಿಲ್ಲವೆಂದು ಅವರೇ ಹಿಡಿದರು. ಲಾರಿ ಇನ್ನೂ ಗೇಟಿನೊಳಗೇ ಇತ್ತು.

ಮರುದಿನ ನಾನು ಹೋದಾಗ ಅವರು ಸಿಟ್ಟು ಮಾಡಲಿಲ್ಲ. "ಸಾರ್, ಕಿಟಕಿ ಎಲ್ಲಿ ಬೇಕಾದ್ರೂ ಇಡಿ. ನಾನು ಟೈಪ್ ಮಾಡೋವಾಗ ಮಾತ್ರ ಯಾವುದೂ ಮುಂದೆ ಬರಬಾರ್ದು. ಕೆಳಗೆ ಸಹಿ ನಂದು" ಎಂದರು.

"ನನ್ನದೇ ತಪ್ಪಮ್ಮಾ. ಹೇಗಿರಬೇಕು, ನೀವೇ ಹೇಳಿ" ಎಂದು ಕಾಗದ, ಪೆನ್ಸಿಲ್ ಮುಂದಿಟ್ಟೆ.

ಅವರು ಬರೆದ ಚಿತ್ರ ನನ್ನದಕ್ಕಿಂತ ಬೇರೆಯಾಗಿತ್ತು. ಅಳತೆಯ ಕೋಷ್ಟಕ ನಾನು ಇಟ್ಟಂತೆ ಬಲಕ್ಕಲ್ಲ, ಎಡಕ್ಕೆ ಬೇಕೆಂದರು. ಮೈಕ್ರೋಮೀಟರು ಇಡುವ ಸ್ಟ್ಯಾಂಡು ಮೇಜಿನ ಎಡಕ್ಕಿತ್ತು, ನನಗದು ಹೊಳೆದಿರಲಿಲ್ಲ. ಡ್ರಾಯಿಂಗ್ ಪೂರ್ತಿ ಕಾಣಬೇಕಿಲ್ಲ, ಅಳತೆಯ ಮಿತಿ ಬರೆದಿರುವ ಮೂಲೆ ಕಂಡರೆ ಸಾಕು ಎಂದರು. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಬಾರಿಗೆ ಒಂದೇ ಬ್ಯಾಚಿನ ಕೋಷ್ಟಕ ಆ ಪರದೆಯ ಮೇಲಿರಬೇಕು, ಇನ್ನೊಂದು ಬೇರೆ ಕಾರ್ಯಪರದೆಯ ಮೇಲೆ ಹೋಗಬೇಕು ಎಂದರು. ಲಿನಕ್ಸಿನಲ್ಲಿ ಒಂದೇ ಮಾನಿಟರಿನಲ್ಲಿ ನಾಲ್ಕಾರು ಕಾರ್ಯಪರದೆಗಳನ್ನು ಇಟ್ಟುಕೊಳ್ಳುವ ಸೌಕರ್ಯ ಬಹಳ ಹಿಂದಿನಿಂದ ಇದೆ. ಅವುಗಳ ಎಣಿಕೆ ಈ ಸಾಧನದಲ್ಲಿ ಸೊನ್ನೆಯಿಂದ ಆರಂಭವಾಗುತ್ತದೆ ಎಂಬುದನ್ನು ನೆನಪಿಟ್ಟರೆ ಸಾಕು. ಹೊಸ ಸ್ಕ್ರಿಪ್ಟಿನಲ್ಲಿ ಮುಂದಕ್ಕೆ ಕರೆಯುವ ಸಾಲುಗಳನ್ನೆಲ್ಲ ತೆಗೆದೆ. ಐದು ನಿಮಿಷದ ಸುತ್ತನ್ನೂ ತೆಗೆದೆ. ಲಾಗಿನ್ ಆದಾಗ ಒಮ್ಮೆ, ಆಮೇಲೆ ಅವರು ಒಂದು ಕೀಲಿ ಒತ್ತಿದಾಗ ಮಾತ್ರ ಅದು ಓಡುತ್ತದೆ. ಜೊತೆಗೆ, ಹೊಸದಾಗಿ ಹುಟ್ಟುವ ಕಿಟಕಿ ಕೀಲಿಮಣೆಯನ್ನು ಕಸಿದುಕೊಳ್ಳದಂತೆ ತಡೆಯುವ ಆಯ್ಕೆ ಎಕ್ಸ್‌ಎಫ್‌ಸಿಇಯ ಮೇಸ್ತ್ರಿಯ ಹೊಂದಾಣಿಕೆಗಳಲ್ಲೇ ಇದೆ. ಅದನ್ನೂ ಹಚ್ಚಿದೆ.

ಓದುಗರೆ, ಇಂದಿನ ಮಾತಿನ ಸಾರ ಇಲ್ಲಿದೆ. ಕಿಟಕಿ ಜೋಡಿಸುವ ಸ್ಕ್ರಿಪ್ಟನ್ನು ಯಾರು ಬೇಕಾದರೂ ಬರೆಯಬಹುದು. ಅದರೊಳಗಿನ ನಿಯಮವನ್ನು ಹೇಳಬೇಕಾದವರು ಮಾತ್ರ ಆ ಪರದೆಯ ಮುಂದೆ ಕುಳಿತು ಕೆಳಗೆ ಸಹಿ ಹಾಕುವವರು. ನೆರಳುಹಲಗೆಯಲ್ಲಿ ಸ್ಪ್ಯಾನರು ಎಷ್ಟು ಎತ್ತರದಲ್ಲಿರಬೇಕೆಂದು ಫಿಟ್ಟರನ್ನು ಕೇಳದೆ ಬಣ್ಣ ಬಳಿದರೆ, ಅವನು ಸ್ಪ್ಯಾನರನ್ನು ಮೇಜಿನ ಮೇಲೆಯೇ ಬಿಟ್ಟುಹೋಗುತ್ತಾನೆ.

ಎಲೆಕ್ಟ್ರಾನಿಕ್ ಸಿಟಿಗೂ ವೈಟ್‌ಫೀಲ್ಡಿಗೂ ಈ ಮಾತು ಅಷ್ಟೇ ಸಲ್ಲುತ್ತದೆ. ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗಾ ಅವರ ಮುನ್ನೋಟದಿಂದ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ರೂಪುಗೊಂಡ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಂದು ತಂತ್ರಾಂಶ ಬರೆಯುವವರದೇ ದೊಡ್ಡ ಪಡೆ. ಅವರ ತೊಂದರೆ ಬೇರೆ ರೀತಿಯದು. ಕಚೇರಿಯಲ್ಲಿ ಲ್ಯಾಪ್‌ಟಾಪಿಗೆ ಎರಡು ದೊಡ್ಡ ಮಾನಿಟರುಗಳು; ಮನೆಯಲ್ಲಿ ಅದರದೇ ಪುಟ್ಟ ಪರದೆ. ತಂತಿ ಕಿತ್ತೊಡನೆ ಮೂರು ಪರದೆಯ ಕಿಟಕಿಗಳೆಲ್ಲ ಒಂದರಲ್ಲಿ ರಾಶಿ ಬೀಳುತ್ತವೆ. ಅಲ್ಲಿ ಸ್ಕ್ರಿಪ್ಟ್ ಮೊದಲು ಎಷ್ಟು ಪರದೆಗಳಿವೆ ಎಂದು ಕೇಳಿಕೊಳ್ಳಬೇಕು. ಎಕ್ಸ್‌ನಲ್ಲಿ ಅದಕ್ಕೆ ಎಕ್ಸ್-ರ್‍ಯಾಂಡ್‌ಆರ್ ಎಂಬ ಸಾಧನವಿದೆ. ಮೂರಿದ್ದರೆ ಒಂದು ಜೋಡಣೆ, ಒಂದೇ ಇದ್ದರೆ ಇನ್ನೊಂದು. ಎರಡು ನೆರಳುಹಲಗೆಗಳನ್ನು ಇಟ್ಟುಕೊಂಡಂತೆ.

ಇಷ್ಟು ಹೇಳಿ ಮುಗಿಸಿದರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಎಕ್ಸ್ ವ್ಯವಸ್ಥೆಯಲ್ಲಿ ನಮ್ಮ ಸ್ಕ್ರಿಪ್ಟ್ ಬೇರೆ ತಂತ್ರಾಂಶದ ಕಿಟಕಿಯನ್ನು ನೋಡಬಲ್ಲದು, ಸರಿಸಬಲ್ಲದು. ಎಕ್ಸ್-ಡೂ-ಟೂಲ್ ಎಂಬ ಇನ್ನೊಂದು ಸಾಧನವಂತೂ ನಮ್ಮ ಪರವಾಗಿ ಕೀಲಿಗಳನ್ನೇ ಒತ್ತಬಲ್ಲದು. ಬಾಗಿಲು ನಮಗೆ ತೆರೆದಿದೆ ಎಂದರೆ ಬೇರೆಯವರಿಗೂ ತೆರೆದಿದೆ ಎಂದೇ ಅರ್ಥ. ಅದೇ ಪರದೆಯ ಮೇಲೆ ಓಡುವ ಕೆಟ್ಟ ತಂತ್ರಾಂಶವೊಂದು ನೀವು ಬ್ಯಾಂಕಿನ ಕಿಟಕಿಯಲ್ಲಿ ಒತ್ತುವ ಗುಪ್ತಪದವನ್ನು ಕದ್ದು ಕೇಳಬಲ್ಲದು. ಕೆಲಸದ ಹೊತ್ತಿನಲ್ಲಿ ಯಾವ ಕಿಟಕಿ ಮುಂದಿತ್ತು, ಎಷ್ಟು ಹೊತ್ತು ಇತ್ತು ಎಂದು ಶೀರ್ಷಿಕೆಗಳನ್ನು ಬರೆದಿಡುವ ತಂತ್ರಾಂಶಗಳೂ ಇವೆ. ನಾವು ಓದಿದ ಅದೇ ಪಟ್ಟಿಯನ್ನೇ ಅವೂ ಓದಬಲ್ಲವು.

ಈ ಸಡಿಲನ್ನು ಬಿಗಿಮಾಡಿದ ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಯ ಕೆಲಸ 2008ರಲ್ಲಿ ಆರಂಭವಾಯಿತು. ಇದರಲ್ಲಿ ಚಿತ್ರ ಬರೆಯುವವನೂ ಮೇಸ್ತ್ರಿಯೂ ಒಬ್ಬನೇ. ಒಂದು ತಂತ್ರಾಂಶಕ್ಕೆ ಪಕ್ಕದ ತಂತ್ರಾಂಶದ ಕಿಟಕಿ ಕಾಣುವುದಿಲ್ಲ. ಪರದೆಯ ಮೇಲೆ ತಾನು ಎಲ್ಲಿ ನಿಂತಿದ್ದೇನೆ ಎಂಬುದು ಸಹ ಅದಕ್ಕೆ ತಿಳಿಯದು. 2016ರ ಫೆಡೋರಾ 25ನೇ ಆವೃತ್ತಿ ಇದನ್ನೇ ಮುಖ್ಯವಾಗಿ ಇಟ್ಟುಕೊಂಡಿತು. 2025ರ ಅಕ್ಟೋಬರಿನಲ್ಲಿ ಬಂದ ಉಬುಂಟು 25.10, ತನ್ನ ಗ್ನೋಮ್ ಡೆಸ್ಕ್‌ಟಾಪಿನಿಂದ ಹಳೆಯ ಎಕ್ಸ್ ಆಯ್ಕೆಯನ್ನು ತೆಗೆದೇಬಿಟ್ಟಿತು. ಪರಿಣಾಮವೇನೆಂದರೆ, ನಮ್ಮ ಆರಕ್ಷರದ ಸಾಧನಕ್ಕೆ ಅಲ್ಲಿ ಕಾಣುವುದು ಹಳೆಯ ಎಕ್ಸ್ ರೀತಿಯಲ್ಲಿ ಓಡುವ ಕಿಟಕಿಗಳು ಮಾತ್ರ. ಹೊಸ ರೀತಿಯವು ಅದಕ್ಕೆ ಕಾಣುವುದಿಲ್ಲ.

ಹಾಗೆಂದು ಸ್ವಯಂಚಾಲಿತ ಜೋಡಣೆ ಮುಗಿದುಹೋಯಿತೆಂದಲ್ಲ. ಹೊರಗಿನವರು ಕೋರಿಕೆ ಸಲ್ಲಿಸುವ ದಾರಿ ಮುಚ್ಚಿತು, ಮೇಸ್ತ್ರಿಗೇ ನೇರವಾಗಿ ನಿಯಮ ಹೇಳಿಕೊಡುವ ದಾರಿ ಉಳಿಯಿತು. ಕೆಡಿಇಯಲ್ಲಿ ಇಂಥ ಕ್ಲಾಸಿನ ಕಿಟಕಿ ಇಲ್ಲಿ ನಿಲ್ಲಲಿ ಎಂಬ ನಿಯಮಗಳನ್ನು, ಒಂದು ಸಾಲು ಪ್ರೋಗ್ರಾಂ ಬರೆಯದೆ, ನಮೂನೆ ತುಂಬಿದಂತೆ ತುಂಬಿಡಬಹುದು. ಅದು ಸಾಲದಿದ್ದರೆ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಕೆವಿನ್‌ಗೇ ಸ್ಕ್ರಿಪ್ಟ್ ಬರೆಯಬಹುದು. ಗ್ನೋಮ್‌ನಲ್ಲಿ ವಿಸ್ತರಣೆಗಳ ಮೂಲಕ ಈ ಕೆಲಸ ಮಾಡಬೇಕು. ಸ್ವೇ ಎಂಬ ಮೇಸ್ತ್ರಿಗೆ ತನ್ನದೇ ಆಜ್ಞೆಗಳಿವೆ. ಎಲ್ಲರಿಗೂ ಒಪ್ಪುವ ಒಂದೇ ಸ್ಕ್ರಿಪ್ಟ್ ಬರೆಯುವ ಅನುಕೂಲ ಕೈತಪ್ಪಿತು. ಗುಪ್ತಪದಕ್ಕೆ ಸಿಕ್ಕ ಕಾವಲಿಗೆ ಅದು ತೆತ್ತ ಬೆಲೆ.

ಆದ್ದರಿಂದ ಕೊನೆಯಲ್ಲಿ ಕೆಲವು ವ್ಯಾವಹಾರಿಕ ಸೂಚನೆಗಳು. ಈಗ ಚೆನ್ನಾಗಿ ನಡೆಯುತ್ತಿರುವ ಕಂಪ್ಯೂಟರಿನಲ್ಲಿ ಹೊಸ ಆವೃತ್ತಿಯನ್ನು ಹಾಕುವ ಮೊದಲು, ಅದು ಎಕ್ಸ್ ಮೇಲೆ ಓಡುತ್ತದೆಯೋ ವೇಲ್ಯಾಂಡ್ ಮೇಲೋ ಎಂದು ವಿಚಾರಿಸಿ. ಮೊದಲು ಇನ್ನೊಂದು ಕಂಪ್ಯೂಟರಿನಲ್ಲಿ ಹಾಕಿ ನೋಡಿ. ಡಿಸ್ಪ್ಯಾಚಿನ ದಿನ ಬೇಡವೇ ಬೇಡ. ಸ್ಕ್ರಿಪ್ಟಿನಲ್ಲಿ ಪ್ರತಿ ಸಾಲಿನ ಮೇಲೂ ಅದು ಏನು ಮಾಡುತ್ತದೆ ಎಂದು ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯಿರಿ. ಬರೆದವರು ಕೆಲಸ ಬಿಟ್ಟು ಹೋದರೂ ಉಳಿದವರಿಗೆ ತಿಳಿಯಬೇಕು. ಕಿಟಕಿಯನ್ನು ಸರಿಸಿ, ಮುಂದಕ್ಕೆ ಕರೆಯುವ ಮುನ್ನ ಎರಡು ಸಲ ಯೋಚಿಸಿ. ಮತ್ತು ಜೋಡಣೆಯ ಚಿತ್ರವನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳಿ. ಸಾಧನಗಳು ಬದಲಾಗುತ್ತವೆ, ಆ ಚಿತ್ರ ಉಳಿಯುತ್ತದೆ. ಅದು ಇದ್ದರೆ ಹೊಸ ಮೇಸ್ತ್ರಿಗೆ ಹೇಳಿಕೊಡುವುದು ಒಂದು ಮಧ್ಯಾಹ್ನದ ಕೆಲಸ.

ಆ ಘಟಕದಲ್ಲಿ ಪೆನ್ಸಿಲಿನಿಂದ ಬರೆದ ಕಾಗದವನ್ನು ಅವರು ಮಾನಿಟರಿನ ಪಕ್ಕದ ಗೋಡೆಗೆ ಅಂಟಿಸಿದರು. ಮೂರು ಚೌಕಗಳು, ಒಂದೊಂದರಲ್ಲೂ ಒಂದೊಂದು ಹೆಸರು. ಅದರ ಪಕ್ಕದಲ್ಲೇ ಫಿಟ್ಟರುಗಳ ನೆರಳುಹಲಗೆ ತೂಗುತ್ತಿತ್ತು. ನಿಮ್ಮ ಮೇಜಿನ ಮುಂದೆಯೂ ಅಂಥದೊಂದು ಕಾಗದ ಅಂಟಿಸಿ ನೋಡಿ. ಚೌಕಗಳನ್ನು ಮಾತ್ರ ನೀವೇ ಬರೆಯಿರಿ.